ಗ್ರಹಣಗಳೂ ವಯಸ್ಕರ ವಿಜ್ಞಾನಪರಿಚಯವೂ: ೧೮೬೮ರಿಂದ ೨೦೧೯ರವರೆಗಿನ ಕನ್ನಡನಾಡಿನ ಅನುಭವ

೧

ವಯಸ್ಕರಲ್ಲಿ ಬಹುಮಂದಿ ವಿಜ್ಞಾನದ ಮೊದಲ ಪಾಠಗಳನ್ನೂ ಅರಿಯರೆಂಬ ಆಕ್ಷೇಪ ಹೊಸದಲ್ಲ. ಅದಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳನ್ನು ಹೇಳುವುದು ವಾಡಿಕೆ. ಜನರಿಗೆ ಅಕ್ಷರಜ್ಞಾನವಿಲ್ಲ ಎಂಬುದು ಒಂದು. ಜನರು ಮೂಢನಂಬಿಕೆಗೆ ಕಟ್ಟುಬಿದ್ದಿದ್ದಾರೆ ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿಲ್ಲದಿಲ್ಲ. ಆದರೆ ಎರಡೂ ಸೇರಿಯೂ ವಿಷಯವನ್ನು ಪೂರ್ತಿಯಾಗಿ ವಿವರಿಸಲಾರವು. ಅಕ್ಷರಜ್ಞಾನವೇ ಸಾಕಾಗಿದ್ದರೆ, ಕಡ್ಡಾಯ ಶಿಕ್ಷಣವನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿರುವ, ತಮ್ಮ ತಾಯ್ನುಡಿಯಲ್ಲಿಯೇ ವಿಜ್ಞಾನವನ್ನು ಕಲಿಸುವ ದೇಶಗಳಲ್ಲಿ ಈ ಕೊರತೆ ಕಾಣಬಾರದಾಗಿತ್ತು. ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ೧೯೮೮ರಲ್ಲಿ ನಡೆದು, ಮರುವರ್ಷ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಸಮೀಕ್ಷೆಯು ಬೇರೆಯ ಸಂಗತಿಯನ್ನೇ ಹೇಳುತ್ತದೆ. ಭೂಮಿಯು ಸೂರ್ಯನನ್ನು ವರ್ಷಕ್ಕೊಂದು ಬಾರಿ ಸುತ್ತುತ್ತದೆಂದು ಸರಿಯಾಗಿ ಉತ್ತರಿಸಿದವರು ಬ್ರಿಟನ್ನಿನಲ್ಲಿ ನೂರಕ್ಕೆ ೩೪ ಮಂದಿ, ಅಮೆರಿಕದಲ್ಲಿ ನೂರಕ್ಕೆ ೪೬ ಮಂದಿ ಮಾತ್ರ. ಆದುದರಿಂದ ಪ್ರಶ್ನೆಯನ್ನು ಜನರ ಬುದ್ಧಿಯ ಅಥವಾ ಶ್ರದ್ಧೆಯ ಪ್ರಶ್ನೆಯೆಂದು ಭಾವಿಸುವುದಕ್ಕೆ ಮೊದಲು, ವಿಜ್ಞಾನವು ಜನರ ಬಳಿಗೆ ಯಾವ ದಾರಿಯಲ್ಲಿ ಬಂದಿತು, ಯಾವ ರೂಪದಲ್ಲಿ ಬಂದಿತು, ಎಲ್ಲಿಯವರೆಗೆ ಬಂದು ನಿಂತಿತು ಎಂಬುದನ್ನು ವಿಚಾರಿಸುವುದು ಇತಿಹಾಸಕಾರನ ಕೆಲಸವಾಗಿದೆ.

ಪ್ರಕೃತ ಲೇಖನದಲ್ಲಿ ಈ ವಿಚಾರಣೆಯನ್ನು ಒಂದೇ ವಿಷಯಕ್ಕೆ, ಎಂದರೆ ಗ್ರಹಣಕ್ಕೆ, ಸೀಮಿತಗೊಳಿಸಲಾಗಿದೆ. ಈ ಆಯ್ಕೆಗೆ ಕಾರಣವುಂಟು. ಗ್ರಹಣವನ್ನು ಪಂಡಿತನೂ ಪಾಮರನೂ ಏಕಕಾಲದಲ್ಲಿ ನೋಡಬಲ್ಲರು. ಅದರ ದಿನವೂ ಗಳಿಗೆಯೂ ಮುಂಚಿತವಾಗಿಯೇ ಗೊತ್ತಿರುತ್ತವೆ. ಅದರ ಕಾರಣವನ್ನು ವಿವರಿಸಲು ಒಂದು ದೀಪ, ಎರಡು ಚೆಂಡುಗಳು ಸಾಕು. ಎಲ್ಲಕ್ಕಿಂತ ಹೆಚ್ಚಾಗಿ, ಆ ದಿನ ಜನರು ನಡೆದುಕೊಳ್ಳುವ ಬಗೆ ಬೀದಿಯಲ್ಲಿಯೇ ಕಾಣಸಿಗುತ್ತದೆ. ಆದಕಾರಣ ವಿಜ್ಞಾನವು ಜನರನ್ನು ಮುಟ್ಟಿತೋ ಇಲ್ಲವೋ ಎಂಬುದಕ್ಕೆ ಇದಕ್ಕಿಂತ ಉತ್ತಮವಾದ ಒರೆಗಲ್ಲು ದೊರೆಯುವುದು ಕಷ್ಟ.

೨

ಗ್ರಹಣದ ನಿಜವಾದ ಕಾರಣವನ್ನು ನಮ್ಮವರು ಪಾಶ್ಚಾತ್ಯರಿಂದ ಕಲಿತರೆಂಬುದು ತಪ್ಪು ತಿಳಿವಳಿಕೆ. ಕ್ರಿ. ಶ. ೪೯೯ರ ಕಾಲದ ಆರ್ಯಭಟನು ಚಂದ್ರನು ಸೂರ್ಯನನ್ನೂ, ಭೂಮಿಯ ನೆರಳು ಚಂದ್ರನನ್ನೂ ಮರೆಮಾಡುವುದೇ ಗ್ರಹಣವೆಂದು ಹೇಳಿದ್ದಾನೆ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ರಾಹುವಿನ ಕಥೆಯನ್ನು ನಿರಾಕರಿಸಿ ಇದೇ ಕಾರಣವನ್ನು ನೀಡಿದ್ದಾನೆ. ಏಳನೆಯ ಶತಮಾನದ ಬ್ರಹ್ಮಗುಪ್ತನಾದರೋ ಗ್ರಹಣವನ್ನು ನೆರಳಿನ ಲೆಕ್ಕದಿಂದಲೇ ಗಣಿಸಿದರೂ, ಶ್ರುತಿಸ್ಮೃತಿಗಳಿಗೆ ವಿರೋಧ ಬರದಂತೆ ರಾಹುವನ್ನು ಸಮರ್ಥಿಸಿದನು. ಹನ್ನೊಂದನೆಯ ಶತಮಾನದಲ್ಲಿ ಅಲ್ಬಿರೂನಿಯು ಈ ದ್ವಂದ್ವವನ್ನು ಗಮನಿಸಿ ಟೀಕಿಸಿರುವುದು ಸುಪ್ರಸಿದ್ಧವಾಗಿದೆ. ಬಲ್ಲವನು ಒಂದು ಮಾತನ್ನು ಗಣಿತಕ್ಕಾಗಿಯೂ ಇನ್ನೊಂದು ಮಾತನ್ನು ಲೋಕಕ್ಕಾಗಿಯೂ ಇಟ್ಟುಕೊಳ್ಳುವ ಪದ್ಧತಿ ಇಲ್ಲಿಯೇ ಸ್ಪಷ್ಟವಾಗಿ ಗೋಚರಿಸುತ್ತದೆ.

ಕನ್ನಡದಲ್ಲಿ ಶಾಸ್ತ್ರವಾಙ್ಮಯಕ್ಕೆ ಕೊರತೆಯಿರಲಿಲ್ಲ. ಹನ್ನೊಂದನೆಯ ಶತಮಾನದ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಕೃಷಿ, ಜಲಶೋಧನೆ, ವೈದ್ಯ, ಪಾಕ ಮುಂತಾದ ವಿಷಯಗಳಿವೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಬರೆದನು, ಕೀರ್ತಿವರ್ಮನು ‘ಗೋವೈದ್ಯ’ವನ್ನು ರಚಿಸಿದನು. ಈ ಗ್ರಂಥಗಳ ಹೆಸರುಗಳೇ ಅವುಗಳ ಉದ್ದೇಶವನ್ನು ತಿಳಿಸುತ್ತವೆ: ಲೋಕಕ್ಕೆ ಉಪಕಾರ, ವ್ಯವಹಾರಕ್ಕೆ ಗಣಿತ. ಕಸುಬಿಗೆ ಹೊಂದಿಕೊಂಡ ಜ್ಞಾನ ದೇಶಭಾಷೆಗೆ ಇಳಿಯಿತು. ಆದರೆ ಜ್ಯೋತಿಷದ ವಿಷಯದಲ್ಲಿ ನಡೆದುದು ಬೇರೆ. ಕನ್ನಡದ ಮೊದಲ ಜ್ಯೋತಿಷಗ್ರಂಥವೆನಿಸಿರುವ ಶ್ರೀಧರಾಚಾರ್ಯನ ‘ಜಾತಕತಿಲಕ’ (ಕ್ರಿ. ಶ. ೧೦೪೯) ಹೆಸರೇ ಸೂಚಿಸುವಂತೆ ಫಲಭಾಗಕ್ಕೆ ಸೇರಿದುದು. ಸಾಮಾನ್ಯ ಗೃಹಸ್ಥನ ಮನೆಗೆ ಬಂದುದು ಪಂಚಾಂಗ; ಅದು ಸ್ಪರ್ಶಕಾಲವನ್ನೂ ಮೋಕ್ಷಕಾಲವನ್ನೂ ಹೇಳುತ್ತಿತ್ತೇ ಹೊರತು, ಆ ಕಾಲವನ್ನು ಹೇಗೆ ಕಂಡುಹಿಡಿದರೆಂಬುದನ್ನು ಹೇಳುತ್ತಿರಲಿಲ್ಲ.

ನಮ್ಮ ಶಾಸನಗಳನ್ನು ಈ ದೃಷ್ಟಿಯಿಂದ ಓದುವುದು ಉಪಯುಕ್ತವಾಗಿದೆ. ಸೂರ್ಯಗ್ರಹಣ ಅಥವಾ ಸೋಮಗ್ರಹಣದ ನಿಮಿತ್ತ ಭೂಮಿಯನ್ನು ಧಾರೆಯೆರೆದು ಕೊಟ್ಟ ದಾನಶಾಸನಗಳು ಕನ್ನಡನಾಡಿನಲ್ಲಿ ಹೇರಳವಾಗಿವೆ. ಫ್ಲೀಟ್ ಮೊದಲಾದ ವಿದ್ವಾಂಸರು ಶಾಸನಗಳ ಕಾಲನಿರ್ಣಯಕ್ಕೆ ಆ ಗ್ರಹಣಗಳನ್ನೇ ಆಧಾರವಾಗಿ ಬಳಸಿದರು. ದಾನ ಕೊಟ್ಟ ಅರಸನೂ ಪಡೆದ ಬ್ರಾಹ್ಮಣನೂ ಎಲ್ಲೆಯನ್ನು ಗುರುತಿಸಿದ ಊರಗೌಡನೂ ಗ್ರಹಣದ ಗಳಿಗೆಯನ್ನು ಬಲ್ಲವರಾಗಿದ್ದರು. ಅದರ ಕಾರಣವನ್ನು ಬಲ್ಲವನಾದರೋ ಬಹುಶಃ ಪಂಚಾಂಗವನ್ನು ಗಣಿಸಿದವನೊಬ್ಬನೇ. ಫಲಿತಾಂಶ ಎಲ್ಲರಿಗೆ, ವಿಧಾನ ಕೆಲವರಿಗೆ ಎಂಬ ಈ ವಿಭಾಗವು ಮುಂದೆ ಪಾಶ್ಚಾತ್ಯ ವಿಜ್ಞಾನ ಬಂದಾಗಲೂ ಅಳಿಯದೆ ಉಳಿದುದೇ ನಮ್ಮ ವಿಷಯದ ಮೂಲಸೂತ್ರವೆಂದು ಹೇಳಬಹುದಾಗಿದೆ.

೩

೧೮೬೮ನೆಯ ಇಸವಿ ಆಗಸ್ಟ್ ೧೮ರಂದು ಸಂಭವಿಸಿದ ಪೂರ್ಣ ಸೂರ್ಯಗ್ರಹಣದ ನೆರಳು ದಕ್ಷಿಣ ಭಾರತವನ್ನು ಅಡ್ಡಲಾಗಿ ಹಾದುಹೋಯಿತು. ಖಗೋಳವಿಜ್ಞಾನದ ಇತಿಹಾಸದಲ್ಲಿ ಆ ದಿನಕ್ಕೆ ಹಿರಿಯ ಸ್ಥಾನವಿದೆ. ರೋಹಿತದರ್ಶಕವನ್ನು ಹಿಡಿದು ಪೂರ್ಣಗ್ರಹಣವನ್ನು ಪರೀಕ್ಷಿಸಿದುದು ಆಗಲೇ. ಸೂರ್ಯನ ಅಂಚಿನಲ್ಲಿ ಕಾಣುವ ಜ್ವಾಲೆಗಳು ಕಾದ ಅನಿಲದವೆಂದು ನಿರ್ಧಾರವಾದುದೂ, ಮುಂದೆ ಹೀಲಿಯಂ ಎಂದು ಹೆಸರಾದ ಧಾತುವಿನ ಶೋಧನೆಗೆ ದಾರಿಯಾದುದೂ ಆ ವರ್ಷದ ವೀಕ್ಷಣೆಗಳಿಂದ. ಫ್ರಾನ್ಸಿನ ಜಾನ್‌ಸೆನ್ ಗುಂಟೂರಿನಲ್ಲಿಯೂ ಮದರಾಸು ವೇಧಶಾಲೆಯ ಪೋಗ್ಸನ್ ಮಚಲೀಪಟ್ಟಣದಲ್ಲಿಯೂ ಬಿಡಾರ ಹೂಡಿದ್ದರು. ಪ್ರಸಿದ್ಧ ಖಗೋಳಜ್ಞರ ಮನೆತನದ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಬಂದು ನೆಲಸಿದುದು ನಮ್ಮ ಜಮಖಂಡಿಯಲ್ಲಿ. ಮೋಡಗಳ ಅಡಚಣೆಯಿದ್ದರೂ ಆತನು ಜ್ವಾಲೆಗಳ ರೋಹಿತದಲ್ಲಿ ಉಜ್ಜ್ವಲ ರೇಖೆಗಳನ್ನು ಕಂಡನು.

ಹೀಗೆ ಆ ಕಾಲದ ಅತಿ ನವೀನವಾದ ವಿಜ್ಞಾನಪ್ರಯೋಗವೊಂದು ಕನ್ನಡ ನೆಲದಲ್ಲಿಯೇ ನಡೆಯಿತು. ಆದರೆ ಅದರ ವರದಿ ಆಂಗ್ಲಭಾಷೆಯಲ್ಲಿ ಬರೆಯಲ್ಪಟ್ಟು ಲಂಡನ್ನಿಗೆ ಹೋಯಿತು. ಇದು ಹರ್ಷೆಲನ ದೋಷವಲ್ಲ. ಆತನನ್ನು ಕಳುಹಿಸಿದ್ದುದು ಆ ಕೆಲಸಕ್ಕಾಗಿಯೇ. ವಿಜ್ಞಾನವು ನಮ್ಮ ನಡುವೆ ನಡೆಯುವುದು ಬೇರೆ, ನಮ್ಮದಾಗುವುದು ಬೇರೆ ಎಂಬುದಕ್ಕೆ ಜಮಖಂಡಿಯ ಈ ಘಟನೆ ಮೊದಲ ನಿದರ್ಶನವಾಗಿದೆಯೆಂಬಷ್ಟೇ ನಮ್ಮ ಅಭಿಪ್ರಾಯ.

ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ನಿದರ್ಶನವು ಆರು ವರ್ಷಗಳ ತರುವಾಯ ದೊರೆಯುತ್ತದೆ. ಮದರಾಸು ವೇಧಶಾಲೆಯಲ್ಲಿ ಸಹಾಯಕನಾಗಿದ್ದ ಚಿಂತಾಮಣಿ ರಘುನಾಥಾಚಾರ್ಯನು ೧೮೬೮ರ ಗ್ರಹಣವನ್ನು ವನಪರ್ತಿಯಿಂದ ವೀಕ್ಷಿಸಿದ್ದನು. ಕಾಂತಿ ಏರಿಳಿಯುವ ನಕ್ಷತ್ರವೊಂದನ್ನು ಕಂಡುಹಿಡಿದ ಖ್ಯಾತಿ ಆತನಿಗೆ ಸಂದಿದೆ. ೧೮೭೪ನೆಯ ಡಿಸೆಂಬರ್ ೯ರಂದು ಶುಕ್ರಗ್ರಹವು ಸೂರ್ಯಬಿಂಬದ ಮೇಲೆ ಹಾಯ್ದುಹೋಗುವುದೆಂದು ತಿಳಿದಾಗ, ಆತನು ಅದನ್ನು ವಿವರಿಸುವ ಪುಸ್ತಿಕೆಯನ್ನು ಇಂಗ್ಲಿಷಿನಲ್ಲಿ ಮಾತ್ರವಲ್ಲದೆ ದೇಶಭಾಷೆಗಳಲ್ಲಿಯೂ ಹೊರತಂದನು; ಅವುಗಳಲ್ಲಿ ಕನ್ನಡವೂ ಒಂದು. ಪುಸ್ತಿಕೆಯು ಸಂವಾದರೂಪದಲ್ಲಿದೆ. ಸಿದ್ಧಾಂತಗಳನ್ನು ಓದಿದ ಪಂಡಿತನು ಪ್ರಶ್ನಿಸುತ್ತಾನೆ. ಗ್ರಂಥಕಾರನು ಉತ್ತರ ಹೇಳುತ್ತಾನೆ.

ಈ ಪುಸ್ತಿಕೆಯ ರೀತಿಯು ಗಮನಾರ್ಹವಾದುದು. ಓದುಗನನ್ನು ಏನೂ ಅರಿಯದವನೆಂದು ಎಣಿಸದೆ, ಬೇರೊಂದು ಶಾಸ್ತ್ರವನ್ನು ಬಲ್ಲ ವಯಸ್ಕನೆಂದು ಎಣಿಸಿ ಬರೆದ ಕೃತಿ ಇದು. ರಘುನಾಥಾಚಾರ್ಯನು ದೃಗ್ಗಣಿತ ಪಂಚಾಂಗವನ್ನೂ ಪ್ರಕಟಿಸಿದನು. ಜನರು ನಿತ್ಯ ಬಳಸುವ ಪುಸ್ತಕವನ್ನೇ ಕಣ್ಣಿಗೆ ಕಾಣುವ ಆಕಾಶಕ್ಕೆ ಸರಿಹೊಂದಿಸಿದರೆ ವಿಜ್ಞಾನವು ತಾನಾಗಿ ಮನೆಯೊಳಗೆ ಬರುವುದೆಂದು ಆತನು ಭಾವಿಸಿದ್ದನೆಂದು ಊಹಿಸುವುದಕ್ಕೆ ಆಸ್ಪದವಿದೆ. ಆತನು ೧೮೮೦ರಲ್ಲಿ ತೀರಿಕೊಂಡನು. ಮುಂದಿನ ಪುಟಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಯೊಂದನ್ನು ಇಲ್ಲಿಯೇ ಗುರುತಿಸಬಹುದು: ಕಾರ್ಯವು ವ್ಯಕ್ತಿಯಿಂದ ಹುಟ್ಟುತ್ತದೆ, ವ್ಯಕ್ತಿಯೊಡನೆ ಕುಗ್ಗುತ್ತದೆ.

೪

ವಿಜ್ಞಾನವು ವ್ಯಕ್ತಿಯ ಉತ್ಸಾಹವನ್ನು ಅವಲಂಬಿಸದೆ ಎಲ್ಲರಿಗೂ ದೊರೆಯಬೇಕಾದರೆ ಶಾಲೆಯೇ ಸಾಧನ. ಆದರೆ ಶಾಲೆಯ ರಚನೆಯಲ್ಲಿಯೇ ಒಂದು ಒಡಕಿತ್ತು. ೧೮೫೪ರ ವುಡ್ಡನ ಶಿಕ್ಷಣ ನಿರೂಪವು ಯೂರೋಪಿನ ಜ್ಞಾನವನ್ನು ಹರಡುವುದೇ ಶಿಕ್ಷಣದ ಗುರಿಯೆಂದು ಸಾರಿ, ಮೇಲಿನ ತರಗತಿಗಳಿಗೆ ಇಂಗ್ಲಿಷನ್ನೂ ಜನಸಾಮಾನ್ಯರಿಗೆ ದೇಶಭಾಷೆಗಳನ್ನೂ ಮಾಧ್ಯಮವಾಗಿ ಗೊತ್ತುಮಾಡಿತು. ಕಾಗದದ ಮೇಲೆ ಇದು ನ್ಯಾಯವಾದ ಹಂಚಿಕೆ. ಕಾರ್ಯತಃ ನಡೆದುದೇನೆಂದರೆ, ವಿಜ್ಞಾನವು ನಿಜವಾಗಿ ಆರಂಭವಾಗುವ ತರಗತಿಗೆ ಮೊದಲೇ ಕನ್ನಡ ಮುಗಿಯುತ್ತಿತ್ತು. ೧೮೫೮ರಲ್ಲಿ ಹೈಸ್ಕೂಲಾಗಿ ಆರಂಭವಾಗಿ ೧೮೭೫ರಲ್ಲಿ ಸೆಂಟ್ರಲ್ ಕಾಲೇಜೆಂದು ಹೆಸರಾದ ಬೆಂಗಳೂರಿನ ವಿದ್ಯಾಸಂಸ್ಥೆಯಲ್ಲಿ ಭೌತವಿಜ್ಞಾನವನ್ನು ಕಲಿತವನು ಅದನ್ನು ಇಂಗ್ಲಿಷಿನಲ್ಲಿ ಕಲಿತನು. ಮನೆಗೆ ಬಂದು ತಾಯಿಗೋ ಮಡದಿಗೋ ಅದನ್ನು ಹೇಳಬೇಕೆಂದರೆ ಅವನ ಬಳಿ ಮಾತಿರಲಿಲ್ಲ. ಗಂಡಸಿನ ವಿದ್ಯೆ ಮನೆಯ ಹೊಸ್ತಿಲನ್ನು ದಾಟದಿದ್ದುದಕ್ಕೆ ಉದಾಸೀನವೊಂದೇ ಕಾರಣವಲ್ಲ, ಭಾಷೆಯೂ ಕಾರಣ.

ಇನ್ನು ಶಾಲೆಯನ್ನು ಸೇರಿದವರಾದರೂ ಎಷ್ಟು ಮಂದಿ? ೧೯೦೧ರ ಜನಗಣತಿಯಲ್ಲಿ ಭಾರತದ ಅಕ್ಷರಸ್ಥರು ನೂರಕ್ಕೆ ಐದರ ಆಸುಪಾಸಿನಲ್ಲಿದ್ದರು. ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ೧೯೧೩ರಲ್ಲಿ, ಮೈಸೂರು ಸಂಸ್ಥಾನವು ಪ್ರಾಥಮಿಕ ಶಿಕ್ಷಣದ ಶಾಸನವನ್ನು ಮಾಡಿ ಕಡ್ಡಾಯ ಶಿಕ್ಷಣದ ಕಡೆಗೆ ಹೆಜ್ಜೆಯಿಟ್ಟಿತು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಆದರೂ ೧೯೫೧ರ ಜನಗಣತಿಯ ವೇಳೆಗೆ ದೇಶದ ಅಕ್ಷರಸ್ಥರ ಪ್ರಮಾಣ ನೂರಕ್ಕೆ ೧೮.೩೩ನ್ನು ಮಾತ್ರ ಮುಟ್ಟಿತ್ತು; ಹೆಂಗಸರಲ್ಲಿ ಅದು ಒಂಬತ್ತಕ್ಕೂ ಕಡಿಮೆ. ಹೀಗೆ ಎರಡು ಗೋಡೆಗಳು ಒಂದರ ಹಿಂದೊಂದು ನಿಂತವು. ಮೊದಲನೆಯದು ಅಕ್ಷರದ ಗೋಡೆ. ಅದನ್ನು ದಾಟಿದವನಿಗೆ ಎದುರಾಗುತ್ತಿದ್ದುದು ಇಂಗ್ಲಿಷಿನ ಗೋಡೆ.

ಶಾಲೆಗೆ ಹೋಗದ ವಯಸ್ಕರನ್ನು ವಿಜ್ಞಾನವು ಭೇಟಿಯಾದುದು ಹೇಗೆ? ಬಹುಮಟ್ಟಿಗೆ ಅಪ್ಪಣೆಯ ರೂಪದಲ್ಲಿ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಅಧಿಕಾರಿಗಳು ಮನೆಗಳನ್ನು ತೆರವು ಮಾಡಿಸಿದರು, ಔಷಧಗಳಿಂದ ತೊಳೆಯಿಸಿದರು, ರೋಗಿಗಳನ್ನು ಬೇರ್ಪಡಿಸಿದರು. ರೋಗದ ಕ್ರಿಮಿಯನ್ನು ೧೮೯೪ರಲ್ಲಿಯೇ ಯೆರ್ಸಿನ್ ಕಂಡುಹಿಡಿದಿದ್ದರೂ, ಇಲಿಯ ಮೈಮೇಲಿನ ಚಿಗಟವು ಅದನ್ನು ಹರಡುವುದೆಂದು ಸಿಮೊಂಡ್ ತೋರಿಸಿದುದು ೧೮೯೮ರಲ್ಲಿ. ಆ ಮಾತನ್ನು ವೈದ್ಯಲೋಕವು ಒಪ್ಪಲು ಇನ್ನೂ ಕೆಲವು ವರ್ಷಗಳು ಹಿಡಿದವು. ಇತ್ತ ನಮ್ಮ ಹಳ್ಳಿಗರು ಇಲಿ ಬಿದ್ದ ಕೂಡಲೇ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಳ್ಳುವುದನ್ನು ರೂಢಿಸಿಕೊಂಡರು. ಜೊತೆಗೆ ಪ್ಲೇಗಿನ ಅಮ್ಮನಿಗೆ ಗುಡಿಯನ್ನೂ ಕಟ್ಟಿದರು. ಇವರನ್ನು ಅಜ್ಞರೆನ್ನೋಣವೇ? ಕಣ್ಣಿಗೆ ಕಂಡುದನ್ನು ಅವರು ಸರಿಯಾಗಿ ಕಂಡಿದ್ದರು. ಕಂಡುದಕ್ಕೆ ಕಾರಣವನ್ನು ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳುವವರು ಇರಲಿಲ್ಲ. ಹೇಳಬೇಕಾದವರಿಗೇ ಕಾರಣ ಪೂರ್ಣವಾಗಿ ತಿಳಿದಿರಲಿಲ್ಲ. ಕಾರಣವಿಲ್ಲದ ಅಪ್ಪಣೆಯು ವಿಧೇಯತೆಯನ್ನು ಹುಟ್ಟಿಸಬಹುದು, ತಿಳಿವಳಿಕೆಯನ್ನು ಹುಟ್ಟಿಸಲಾರದು.

೫

ಈ ಕೊರತೆಯನ್ನು ಕಂಡುಕೊಂಡವರು ನಮ್ಮಲ್ಲಿ ಇರಲಿಲ್ಲವೆಂದಲ್ಲ. ೧೯೧೫ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪನೆಯಾದ ಕೆಲಕಾಲದಲ್ಲಿಯೇ ಕರ್ಣಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯು ಹುಟ್ಟಿತು. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ೧೯೧೮ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಕನ್ನಡದಲ್ಲಿ ವಿಜ್ಞಾನಕ್ಕೆಂದೇ ಮೀಸಲಾದ ಪತ್ರಿಕೆಗೆ ಇದು ಮೊದಲ ಮಾದರಿ. ವೃತ್ತಿಯಲ್ಲಿ ಇಂಗ್ಲಿಷಿನಲ್ಲಿ ಪಾಠ ಹೇಳುತ್ತಿದ್ದವರು ವಿರಾಮಕಾಲದಲ್ಲಿ ಕನ್ನಡದಲ್ಲಿ ಬರೆದರು. ಪಾರಿಭಾಷಿಕ ಪದಗಳನ್ನು ಅವರೇ ಕಟ್ಟಬೇಕಾಗಿತ್ತು, ಓದುಗರನ್ನೂ ಅವರೇ ಹುಡುಕಬೇಕಾಗಿತ್ತು. ಪತ್ರಿಕೆಯು ಎರಡು ವರ್ಷಗಳ ಕಾಲ ನಡೆದು ನಿಂತಿತು. ಇಂಥ ಪತ್ರಿಕೆಯನ್ನು ಓದಲು ಕನ್ನಡದ ಅಕ್ಷರವೂ ವಿಜ್ಞಾನದ ಅಭಿರುಚಿಯೂ ಎರಡೂ ಬೇಕು. ಆ ಅಭಿರುಚಿಯನ್ನು ಕಾಲೇಜಿನಲ್ಲಿ ಪಡೆದವನು ಇಂಗ್ಲಿಷಿನಲ್ಲಿಯೇ ಓದಬಲ್ಲವನಾಗಿದ್ದನು. ಕನ್ನಡವನ್ನು ಮಾತ್ರ ಬಲ್ಲವನಿಗೆ ಆ ಅಭಿರುಚಿಯನ್ನು ಶಾಲೆ ಕೊಟ್ಟಿರಲಿಲ್ಲ. ಪತ್ರಿಕೆಗೆ ಬೇಕಾದ ಓದುಗನು ಇನ್ನೂ ಹುಟ್ಟಿರಲಿಲ್ಲವೆಂದರೆ ಉತ್ಪ್ರೇಕ್ಷೆಯಾಗದು.

ಮುಂದೆ ೧೯೩೭ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಜಮಖಂಡಿಯಲ್ಲಿ ಸೇರಿದಾಗ ಅದರ ಅಧ್ಯಕ್ಷಪೀಠವನ್ನು ಅಲಂಕರಿಸಿದವರು ಇದೇ ವೆಂಕಟನಾರಣಪ್ಪನವರು. ಹರ್ಷೆಲನು ದೂರದರ್ಶಕವನ್ನು ನಿಲ್ಲಿಸಿದ ಊರಿನಲ್ಲಿ ಅರವತ್ತೊಂಬತ್ತು ವರ್ಷಗಳ ತರುವಾಯ ಕನ್ನಡದಲ್ಲಿ ವಿಜ್ಞಾನವನ್ನು ಬರೆದವರಿಗೆ ಸಾಹಿತ್ಯದ ಮನ್ನಣೆ ದೊರೆತುದು ಕಾಕತಾಳೀಯವಾದರೂ ನೆನೆಯತಕ್ಕ ಸಂಗತಿ.

ಆ ದಶಕದಲ್ಲಿಯೇ ಮೈಸೂರು ವಿಶ್ವವಿದ್ಯಾನಿಲಯವು ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿತು. ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಮಾತನಾಡಿದರು; ಆ ಉಪನ್ಯಾಸಗಳು ಪ್ರಚಾರ ಪುಸ್ತಕಮಾಲೆಯಾಗಿ ಸಣ್ಣ ಹೊತ್ತಗೆಗಳ ರೂಪದಲ್ಲಿ ಹೊರಬಂದವು. ಶಿವರಾಮ ಕಾರಂತರು ೧೯೩೬ರಲ್ಲಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನೂ, ೧೯೫೯ರಿಂದ ೧೯೬೪ರವರೆಗೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನೂ ಒಬ್ಬರೇ ಬರೆದು ಮುಗಿಸಿದರು. ೧೯೬೨ರಲ್ಲಿ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ಸೈನ್ಸ್ ಫೋರಂ ಅನ್ನು ಆರಂಭಿಸಿದರು. ೧೯೮೦ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸ್ಥಾಪಿತವಾಯಿತು; ಅದರ ‘ಬಾಲವಿಜ್ಞಾನ’ ಮಾಸಪತ್ರಿಕೆಯಿಂದ ಕನ್ನಡದ ವಿಜ್ಞಾನ ಲೇಖಕರ ಒಂದು ಪರಂಪರೆಯೇ ಬೆಳೆಯಿತು.

ಈ ಪಟ್ಟಿಯಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ೧೮೭೪ರ ಪುಸ್ತಿಕೆಯೂ ೧೯೧೮ರ ಪತ್ರಿಕೆಯೂ ಬೆಳೆದವರಿಗಾಗಿ ಬರೆದವು. ತರುವಾಯದ ಪ್ರಯತ್ನಗಳಲ್ಲಿ ಬಹುಕಾಲ ಬಾಳಿ ಹೆಚ್ಚು ಜನರನ್ನು ತಲಪಿದವು ‘ಬಾಲ’ ಎಂಬ ಮಾತನ್ನು ಹೆಸರಿನಲ್ಲಿಯೇ ಹೊತ್ತಿವೆ. ಮಕ್ಕಳಿಗೆ ಬರೆಯುವುದು ಸ್ತುತ್ಯವಾದ ಕೆಲಸವೇ ಸರಿ. ಆದರೆ ಕಾಲಕ್ರಮದಲ್ಲಿ ಕನ್ನಡದಲ್ಲಿ ವಿಜ್ಞಾನವೆಂದರೆ ಮಕ್ಕಳ ಓದು, ದೊಡ್ಡವರಿಗೆ ಕಥೆ ಕಾದಂಬರಿ ಎಂಬ ಭಾವನೆ ಬೇರೂರಿತು. ಶಾಲೆ ಬಿಟ್ಟ ಮರುದಿನದಿಂದ ಸಾಯುವವರೆಗೆ ಒಬ್ಬ ಮನುಷ್ಯನು ವಿಜ್ಞಾನದ ಒಂದು ಪುಟವನ್ನೂ ಓದದೆ ಬದುಕಬಹುದು, ಅದರಿಂದ ಅವನ ಗೌರವಕ್ಕೆ ಕುಂದಿಲ್ಲ ಎಂಬ ಸ್ಥಿತಿ ಉಂಟಾಯಿತು. ವಯಸ್ಕರ ಶಿಕ್ಷಣದ ಕಾರ್ಯಕ್ರಮಗಳು, ಅವುಗಳಲ್ಲಿ ೧೯೭೮ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವೂ ೧೯೮೮ರ ಸಾಕ್ಷರತಾ ಮಿಷನ್ನೂ ಮುಖ್ಯವಾದವು, ಓದು ಬರಹ ಲೆಕ್ಕಗಳನ್ನೇ ಮೊದಲ ಗುರಿಯಾಗಿಟ್ಟುಕೊಂಡವು. ಓದಲು ಕಲಿತ ವಯಸ್ಕನು ಆಮೇಲೆ ಓದಬೇಕಾದುದು ಏನು ಎಂಬ ಪ್ರಶ್ನೆ ಹಿಂದೆ ಉಳಿಯಿತು.

೬

ಶಾಲೆಯಲ್ಲಿ ವಿಜ್ಞಾನ ಓದಿದವರ ಸ್ಥಿತಿಯನ್ನೂ ಇಲ್ಲಿ ವಿಚಾರಿಸಬೇಕಾಗಿದೆ. ೧೯೬೪-೬೬ರ ಕೊಠಾರಿ ಆಯೋಗವು ಮೊದಲ ಹತ್ತು ವರ್ಷಗಳ ಶಿಕ್ಷಣದಲ್ಲಿ ವಿಜ್ಞಾನ ಗಣಿತಗಳು ಎಲ್ಲರಿಗೂ ಕಡ್ಡಾಯವಾಗಿರಬೇಕೆಂದು ಶಿಫಾರಸು ಮಾಡಿತು. ತರುವಾಯದ ತಲೆಮಾರು ಕನ್ನಡದಲ್ಲಿಯೇ ವಿಜ್ಞಾನಪಾಠವನ್ನು ಓದಿತು. ಆದರೂ ಅದು ಮನಸ್ಸಿನಲ್ಲಿ ಏಕೆ ನಿಲ್ಲಲಿಲ್ಲ? ಇದಕ್ಕೆ ಪರೀಕ್ಷಾಪದ್ಧತಿಯನ್ನು ದೂರುವುದುಂಟು. ಭಾಷೆಯೊಳಗಣ ಕಾರಣವೊಂದು ಅಷ್ಟಾಗಿ ಗಮನಕ್ಕೆ ಬಂದಿಲ್ಲವಾದುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಉಚಿತ.

‘ಗ್ರಹ’ ಎಂಬ ಪದವನ್ನೇ ತೆಗೆದುಕೊಳ್ಳೋಣ. ದೇವಾಲಯದ ನವಗ್ರಹಗಳು ಒಂಬತ್ತು. ೧೯೩೦ರಲ್ಲಿ ಪ್ಲೂಟೋ ಪತ್ತೆಯಾದಂದಿನಿಂದ ೨೦೦೬ರಲ್ಲಿ ಅದನ್ನು ಗ್ರಹಗಳ ಪಂಕ್ತಿಯಿಂದ ತೆಗೆದುಹಾಕುವವರೆಗೆ ಶಾಲೆಯ ಪುಸ್ತಕದ ಗ್ರಹಗಳೂ ಒಂಬತ್ತು. ಸಂಖ್ಯೆ ಒಂದೇ, ಸದಸ್ಯರು ಬೇರೆ. ಬುಧ, ಶುಕ್ರ, ಮಂಗಳ, ಗುರು, ಶನಿ ಎಂಬ ಐದು ಎರಡು ಪಟ್ಟಿಗಳಲ್ಲಿಯೂ ಇವೆ. ಉಳಿದ ನಾಲ್ಕು ಗುಡಿಯಲ್ಲಿ ಸೂರ್ಯ, ಚಂದ್ರ, ರಾಹು, ಕೇತು. ಶಾಲೆಯಲ್ಲಿ ಭೂಮಿ, ಯುರೇನಸ್, ನೆಪ್ಚೂನ್, ಪ್ಲೂಟೋ. ಗುಡಿಯ ಪಟ್ಟಿಯು ಭೂಮಿಯ ಮೇಲೆ ನಿಂತು ಆಕಾಶವನ್ನು ನೋಡುವವನದು. ಆದುದರಿಂದ ಅದರಲ್ಲಿ ಭೂಮಿಯಿಲ್ಲ. ಶಾಲೆಯ ಪಟ್ಟಿಯು ಸೂರ್ಯನನ್ನು ಕೇಂದ್ರವಾಗಿಟ್ಟುಕೊಂಡದ್ದು. ಆದುದರಿಂದ ಅದರಲ್ಲಿ ಸೂರ್ಯನಿಲ್ಲ. ಈ ಭೇದವೇ ಕೊಪರ್ನಿಕಸನ ಕ್ರಾಂತಿಯ ಸಾರ. ಆದರೆ ಮಗುವಿಗೆ ಪದ ಒಂದೇ, ಸಂಖ್ಯೆ ಒಂದೇ ಆಗಿ ಕೇಳಿಬಂದುದರಿಂದ, ತಾನು ಮನೆಯಲ್ಲಿ ಅರಿತುದನ್ನೇ ಶಾಲೆಯೂ ಹೇಳುತ್ತಿದೆಯೆಂಬ ಭ್ರಮೆ ಉಂಟಾಗುವುದು ಸಹಜ. ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿ ಬರೆದು ತೋರಿಸಿದ್ದರೆ ಒಂದು ಗಂಟೆಯಲ್ಲಿ ಮುಗಿಯಬಹುದಾಗಿದ್ದ ಪಾಠವು ಜೀವಮಾನವಿಡೀ ಅಸ್ಪಷ್ಟವಾಗಿ ಉಳಿಯುತ್ತದೆ.

‘ಉಷ್ಣ’ವೆಂಬ ಪದದ ಗತಿಯೂ ಹೀಗೆಯೇ. ಮನೆಯಲ್ಲಿ ಪರಂಗಿಹಣ್ಣು ಉಷ್ಣ, ಮಜ್ಜಿಗೆ ತಂಪು. ಶಾಲೆಯಲ್ಲಿ ಉಷ್ಣವೆಂದರೆ ಶಕ್ತಿಯ ಒಂದು ರೂಪ. ಎರಡೂ ಬೇರೆಯೆಂದು ಯಾರೂ ಬಿಡಿಸಿ ಹೇಳುವುದಿಲ್ಲ. ಹೊಸದಾಗಿ ಕಟ್ಟಿದ ಪದಗಳಲ್ಲಿಯೂ ತೊಡಕಿಲ್ಲದಿಲ್ಲ. ‘ಆಮ್ಲಜನಕ’ವೆಂದರೆ ಆಮ್ಲವನ್ನು ಹುಟ್ಟಿಸುವುದು. ಇದು ಲಾವಾಜಿಯೇ ಗ್ರೀಕ್ ಧಾತುಗಳಿಂದ ಕಟ್ಟಿದ ಹೆಸರಿನ ನೇರ ಅನುವಾದ. ಎಲ್ಲ ಆಮ್ಲಗಳಲ್ಲಿಯೂ ಈ ಅನಿಲವಿರುವುದೆಂದು ಆತನು ತಿಳಿದಿದ್ದನು. ಅದು ಸರಿಯಲ್ಲವೆಂದು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿಯೇ ಡೇವಿಯ ಸಂಶೋಧನೆಯಿಂದ ಸಿದ್ಧವಾಯಿತು. ಇಂಗ್ಲಿಷ್ ಬಾಲಕನಿಗೆ ಆ ಹೆಸರಿನ ಅರ್ಥ ಕಾಣದು. ಆದುದರಿಂದ ತಪ್ಪೂ ತಟ್ಟದು. ಕನ್ನಡದ ಬಾಲಕನಿಗೆ ಅರ್ಥ ಸ್ಪಷ್ಟವಾಗಿ ಕಾಣುತ್ತದೆ. ಕಂಡ ಅರ್ಥವೇ ತಪ್ಪು. ಇದಕ್ಕೆ ಪ್ರತಿಯಾಗಿ ‘ಇಂಗಾಲ’ವೆಂಬ ಪದವು ಒಲೆಯ ಕೆಂಡ ಇದ್ದಿಲುಗಳನ್ನು ನೆನಪಿಗೆ ತಂದು, ಕಾಣದ ಧಾತುವನ್ನು ಕಂಡ ವಸ್ತುವಿಗೆ ಕಟ್ಟುತ್ತದೆ. ಪದವು ಸಂಸ್ಕೃತವೋ ಅಚ್ಚಗನ್ನಡವೋ ಎಂಬ ವಾದಕ್ಕಿಂತ, ಅದು ಅನುಭವಕ್ಕೆ ದಾರಿ ತೋರುತ್ತದೆಯೇ ಇಲ್ಲವೇ ಎಂಬುದೇ ಮುಖ್ಯವೆಂದು ತೋರುತ್ತದೆ.

೭

ಹೀಗಿರಲು ೧೯೮೦ನೆಯ ಫೆಬ್ರುವರಿ ೧೬ ಬಂದಿತು. ಭಾರತದ ಮುಖ್ಯ ಭೂಭಾಗದಲ್ಲಿ ೧೮೯೮ರ ಜನವರಿಯ ತರುವಾಯ ಕಂಡ ಮೊದಲ ಪೂರ್ಣ ಸೂರ್ಯಗ್ರಹಣವಿದು. ನೆರಳು ಅಂಕೋಲೆಯ ಕಡಲತೀರದಲ್ಲಿ ನೆಲವನ್ನು ಮುಟ್ಟಿ, ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಪೂರ್ವಕ್ಕೆ ಹಾಯ್ದಿತು. ರಾಯಚೂರು ಜಿಲ್ಲೆಯ ಜವಳಗೆರೆಯಲ್ಲಿ ವಿಜ್ಞಾನಿಗಳು ಬಿಡಾರ ಹೂಡಿದ್ದರು. ಎರಡು ನಿಮಿಷಕ್ಕೂ ಮಿಗಿಲಾಗಿ ಹಗಲು ಇರುಳಾಯಿತು. ಆ ಹೊತ್ತಿನಲ್ಲಿ ಊರುಗಳ ಬೀದಿಗಳು ಬರಿದಾಗಿದ್ದವು. ದೂರದ ಬೊಂಬಾಯಿಯಂಥ ನಗರದಲ್ಲಿಯೂ ಜನರು ಕಿಟಕಿ ಬಾಗಿಲುಗಳನ್ನು ಮುಚ್ಚಿಕೊಂಡು ಒಳಗೆ ಕುಳಿತರು. ಸಂವಿಧಾನಕ್ಕೆ ೧೯೭೬ರಲ್ಲಿ ಮಾಡಿದ ತಿದ್ದುಪಡಿಯಿಂದ ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಗೊತ್ತುಮಾಡಿ ಆಗ ನಾಲ್ಕು ವರ್ಷಗಳೂ ಆಗಿರಲಿಲ್ಲ.

ಇದನ್ನು ಕೇವಲ ರಾಹುಭಯವೆಂದು ತಳ್ಳಿಹಾಕುವುದು ಸರಿಯಲ್ಲ. ಬರಿಗಣ್ಣಿನಿಂದ ಸೂರ್ಯನನ್ನು ನೋಡಿದರೆ ದೃಷ್ಟಿ ಹೋಗುವುದೆಂಬ ಎಚ್ಚರಿಕೆಯನ್ನು ಅಂದು ನೀಡಿದವರು ವಿಜ್ಞಾನ ಬಲ್ಲವರೇ. ಎಚ್ಚರಿಕೆ ಯಥಾರ್ಥವಾದುದು. ಆದರೆ ಪೂರ್ಣಗ್ರಾಸದ ಆ ಎರಡು ನಿಮಿಷ ಬರಿಗಣ್ಣಿನಿಂದ ನೋಡಿದರೂ ಅಪಾಯವಿಲ್ಲವೆಂಬ ಅದರ ಉತ್ತರಾರ್ಧವಾಗಲಿ, ರಟ್ಟಿನಲ್ಲಿ ಸೂಜಿಯಿಂದ ತೂತು ಮಾಡಿ ಬಿಂಬವನ್ನು ಗೋಡೆಯ ಮೇಲೆ ಬೀಳಿಸಿ ನೋಡಬಹುದೆಂಬ ಉಪಾಯವಾಗಲಿ ಎಚ್ಚರಿಕೆಯಷ್ಟು ದೂರ ಹೋಗಲಿಲ್ಲ. ಹೊರಗೆ ಬರಬಾರದೆಂದು ಅಜ್ಜಿಯೂ ಹೇಳಿದಳು; ನೋಡಬಾರದೆಂದು ಆಕಾಶವಾಣಿಯೂ ಹೇಳಿತು. ಕೇಳುವವನಿಗೆ ಎರಡೂ ಒಂದೇ ಮಾತಾಗಿ ಕೇಳಿಸಿದವು. ಪಂಚಾಂಗವು ಗಳಿಗೆಯನ್ನು ಮಾತ್ರ ಹೇಳಿದಂತೆ ವಿಜ್ಞಾನವೂ ನಿಷೇಧವನ್ನು ಮಾತ್ರ ಹೇಳಿತು.

ಬದಲಾವಣೆ ಬರಲಿಲ್ಲವೆಂದಲ್ಲ. ೧೯೮೭ರ ಭಾರತ ಜನವಿಜ್ಞಾನ ಜಾಥಾ ಮೊದಲಾದ ಚಳವಳಿಗಳ ತರುವಾಯ, ೧೯೯೫ರ ಅಕ್ಟೋಬರ್ ೨೪ರಂದು ಉತ್ತರ ಭಾರತದಲ್ಲಿ ಪೂರ್ಣಗ್ರಹಣವಾದಾಗ ಬಯಲಿಗೆ ಬಂದು ನೋಡಿದವರ ಸಂಖ್ಯೆ ದೊಡ್ಡದು. ೨೦೦೪ರ ಜೂನ್ ೮ರಂದು ಶುಕ್ರಸಂಕ್ರಮಣವು ಮರಳಿ ಭಾರತದಲ್ಲಿ ಕಂಡಾಗ, ರಘುನಾಥಾಚಾರ್ಯನ ಪುಸ್ತಿಕೆ ಪ್ರಕಟವಾಗಿ ನೂರಮೂವತ್ತು ವರ್ಷಗಳಾಗಿದ್ದವು. ೨೦೧೯ರ ಡಿಸೆಂಬರ್ ೨೬ರಂದು ಮಂಗಳೂರು ಕೊಡಗುಗಳಲ್ಲಿ ಕಂಕಣಗ್ರಹಣವನ್ನು ನೋಡಲು ಶಾಲೆಯ ಮಕ್ಕಳೂ ದೊಡ್ಡವರೂ ನೆರೆದರು.

ಆದರೆ ಅದೇ ದಿನ ಬೆಳಗ್ಗೆ ಕಲಬುರಗಿಯ ಸಮೀಪದ ಒಂದು ಗ್ರಾಮದಲ್ಲಿ ಅಂಗವೈಕಲ್ಯವುಳ್ಳ ಮಕ್ಕಳನ್ನು ಗ್ರಹಣಕಾಲದಲ್ಲಿ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಲಾಗಿತ್ತು. ಹಾಗೆ ಮಾಡಿದರೆ ವೈಕಲ್ಯ ವಾಸಿಯಾಗುವುದೆಂಬ ನಂಬಿಕೆಯಿಂದ ತಂದೆತಾಯಿಗಳೇ ಇದನ್ನು ಮಾಡಿದರೆಂದು ಪತ್ರಿಕೆಗಳು ವರದಿ ಮಾಡಿದವು. ೨೦೧೧ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ಆಗಲೇ ನೂರಕ್ಕೆ ೭೫ನ್ನು ದಾಟಿತ್ತು. ಸುದ್ದಿಯನ್ನು ಓದಿ ನಕ್ಕವರುಂಟು, ಕೆರಳಿದವರೂ ಉಂಟು. ಆದರೆ ಮಕ್ಕಳನ್ನು ಹೊತ್ತುಕೊಂಡು ಮುಂಜಾನೆಯ ಚಳಿಯಲ್ಲಿ ತಿಪ್ಪೆಯ ಬಳಿಗೋ ಹೊಲಕ್ಕೋ ನಡೆದ ತಂದೆತಾಯಿಗಳು ಮಕ್ಕಳ ಮೇಲಿನ ಅಕ್ಕರೆಯಿಂದಲೇ ಹಾಗೆ ಮಾಡಿದರೆಂಬುದನ್ನು ಮರೆಯಲಾಗದು. ಇದು ಹೀಗೆಯೇ ಇರುವುದು, ಇದಕ್ಕೆ ಇಷ್ಟು ಚಿಕಿತ್ಸೆಯುಂಟು, ಇಷ್ಟಕ್ಕೆ ಇಲ್ಲ ಎಂದು ಅವರ ಮಾತಿನಲ್ಲಿ, ಅವರ ಮನೆಯ ಜಗಲಿಯ ಮೇಲೆ ಕುಳಿತು ಹೇಳುವವರು ಇದ್ದರೆ ಎಂಬುದು ನಾವು ಕೇಳಬೇಕಾದ ಮೊದಲ ಪ್ರಶ್ನೆ. ಇಲ್ಲದಿದ್ದಲ್ಲಿ ಆ ತೆರವನ್ನು ಯಾವುದಾದರೊಂದು ನಂಬಿಕೆ ತುಂಬಿಯೇ ತುಂಬುತ್ತದೆ.

೮

ಮೇಲಿನ ಪರ್ಯಾಲೋಚನೆಯಿಂದ ಹೊರಡುವ ಅಭಿಪ್ರಾಯಗಳನ್ನು ಸಂಗ್ರಹಿಸಬಹುದು. ಮೊದಲನೆಯದಾಗಿ, ವಿಜ್ಞಾನವು ನಮ್ಮ ಜನರಿಗೆ ಬಹುಕಾಲದಿಂದಲೂ ಫಲಿತಾಂಶವಾಗಿ, ಅಪ್ಪಣೆಯಾಗಿ, ಎಚ್ಚರಿಕೆಯಾಗಿ ತಲಪಿದೆ. ವಿಧಾನವಾಗಿ ತಲಪಿದುದು ಅಪರೂಪ. ಎರಡನೆಯದಾಗಿ, ಅದನ್ನು ಕಲಿತವನ ಭಾಷೆಗೂ ಅವನ ಮನೆಯ ಭಾಷೆಗೂ ನಡುವೆ ಸೇತುವೆ ಇರಲಿಲ್ಲ. ಮುಂದೆ ಕನ್ನಡದಲ್ಲಿ ಕಲಿಸಿದಾಗಲೂ ಹಳೆಯ ಅರ್ಥ ಹೊಸ ಅರ್ಥಗಳನ್ನು ಒಂದೇ ಪದದೊಳಗೆ ಬೆರಸಿಬಿಟ್ಟೆವು. ಮೂರನೆಯದಾಗಿ, ವಯಸ್ಕರನ್ನು ಉದ್ದೇಶಿಸಿದ ಪ್ರಯತ್ನಗಳು ಬಹುಪಾಲು ವ್ಯಕ್ತಿಗಳ ಶ್ರಮದಿಂದ ನಡೆದವು. ಶಾಲೆಯಂತೆ ತಲೆಮಾರಿನಿಂದ ತಲೆಮಾರಿಗೆ ನಿಲ್ಲುವ ಏರ್ಪಾಡು ಅವರಿಗೆ ದೊರೆಯಲಿಲ್ಲ. ಬ್ರಿಟನ್ ಅಮೆರಿಕಗಳ ಅಂಕಿಗಳನ್ನು ಈ ಬೆಳಕಿನಲ್ಲಿ ನೋಡಿದರೆ ಅಷ್ಟು ಆಶ್ಚರ್ಯವಾಗದು. ಅಲ್ಲಿ ಎರಡನೆಯ ಕಾರಣವಿಲ್ಲ. ಮೊದಲನೆಯದೂ ಮೂರನೆಯದೂ ಇರಬಹುದು. ಬಳಸದ ಜ್ಞಾನವು ಎಲ್ಲಿಯಾದರೂ ಮಾಸುತ್ತದೆ.

ಇದಕ್ಕೆ ಪರಿಹಾರವನ್ನು ಸೂಚಿಸುವುದು ಈ ಲೇಖನದ ವ್ಯಾಪ್ತಿಗೆ ಸೇರಿದುದಲ್ಲ. ಆದರೂ ರಘುನಾಥಾಚಾರ್ಯನ ಸಂವಾದವನ್ನು ಮತ್ತೊಮ್ಮೆ ನೆನೆಯುವುದು ಅಪ್ರಸ್ತುತವಾಗದು. ಆತನು ಎದುರಿನವನನ್ನು ಮೂಢನೆಂದು ಕರೆಯಲಿಲ್ಲ, ಮಗುವೆಂದೂ ಭಾವಿಸಲಿಲ್ಲ. ಅವನ ಪ್ರಶ್ನೆಗೆ ಅವಕಾಶ ಕೊಟ್ಟನು. ಅವನು ಬಲ್ಲ ಶಾಸ್ತ್ರದಿಂದ ಆರಂಭಿಸಿದನು. ಇಂಥ ದಿನ, ಇಂಥ ಹೊತ್ತಿಗೆ ಆಕಾಶವನ್ನು ನೋಡು ಎಂದನು. ವಯಸ್ಕರಿಗೆ ವಿಜ್ಞಾನವನ್ನು ಹೇಳುವ ಕೆಲಸದಲ್ಲಿ ೧೮೭೪ರಿಂದ ಈಚೆಗೆ ನಾವು ಪಡೆದುಕೊಂಡುದು ಬಹಳ. ಬಿಟ್ಟುಕೊಟ್ಟುದೂ ಸ್ವಲ್ಪವಲ್ಲವೆಂಬುದನ್ನು ಆ ಸಣ್ಣ ಪುಸ್ತಿಕೆಯು ತೋರಿಸಿಕೊಡುತ್ತದೆ.